ಬುರ್ಗ್‌ಗ್ರಾಫ್, ಮಾರ್ಕ್‌ಗ್ರಾಫ್, ಕೂರ್‌ಫ್ಯುರ್ಸ್ಟ್: ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜರ್ಮನಿಯ ಹೋಹೆನ್‌ತ್ಸೊಲರ್ನ್ ಮನೆತನ ತಲೆಯೆತ್ತಿದ ಬಗೆಯನ್ನೂ ಅದರ ಮೊದಲ ದೊರೆಗಳನ್ನೂ ಕುರಿತು ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಕಥನ ಸಾಗಿದೆ, ಪದವಿಗಳ ಹೆಸರು ಬಂದಲ್ಲೆಲ್ಲ ನಿಲ್ಲುತ್ತಿದೆ. ಗ್ರಾಫ್, ಬುರ್ಗ್‌ಗ್ರಾಫ್, ಫ್ಯುರ್ಸ್ಟ್, ಮಾರ್ಕ್‌ಗ್ರಾಫ್, ಕೂರ್‌ಫ್ಯುರ್ಸ್ಟ್ ಎಂಬ ಪದಗಳಿಗೆ ನಾವು ಏನು ಹೇಳಬೇಕು? ಯುರೋಪಿನ ಚರಿತ್ರೆ ಬರೆಯುವಾಗ ಇವನ್ನೆಲ್ಲ ಸಾಮಾನ್ಯವಾಗಿ 'ಸಾಮಂತ' ಇಲ್ಲವೆ 'ರಾಜ' ಎಂದು ಮುಗಿಸಿಬಿಡುತ್ತೇವೆ. ಬೇರೆ ಕಡೆ ಅದು ನಡೆದೀತು, ಇಲ್ಲಿ ನಡೆಯುವುದಿಲ್ಲ. ಈ ಮನೆತನದ ಕಥೆಯೆಂದರೆ ಒಂದು ಪದವಿಯಿಂದ ಮುಂದಿನ ಪದವಿಗೆ ಏರಿದ ಕಥೆ. ಮೆಟ್ಟಿಲುಗಳಿಗೆಲ್ಲ ಒಂದೇ ಹೆಸರಿಟ್ಟರೆ ಏರಿದ್ದು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಹೊಳೆದದ್ದನ್ನು ಹೇಳುತ್ತೇನೆ, ಒಪ್ಪಿಗೆಯಾಗದಲ್ಲಿ ತಿದ್ದಿ.

ಮೊದಲು ಹೆಸರಿನ ಬರಹ. ಇಂಗ್ಲಿಷ್ ಓದಿನ ಮೇಲೆ 'ಹೊಹೆಂಜಾಲರ್ನ್' ಎಂದು ಬರೆಯುವ ರೂಢಿಯಿದೆ. ಜರ್ಮನ್ ಉಚ್ಚಾರದಲ್ಲಿ ಅಲ್ಲಿರುವುದು ಜಕಾರವಲ್ಲ, 'ತ್ಸ'. ಉತ್ಸವ, ವಾತ್ಸಲ್ಯ ಎಂದು ದಿನವೂ ಬರೆಯುವ ನಮಗೆ ಅದು ಹೊಸ ಒತ್ತಕ್ಷರವೇನಲ್ಲ. 'ಹೋಹೆನ್' ಅಂದರೆ ಎತ್ತರದ, ಅದು ಆಮೇಲೆ ಸೇರಿದ್ದು. ಮೊದಲಿದ್ದದ್ದು ಬರಿಯ ತ್ಸೊಲರ್ನ್. ನೈಋತ್ಯ ಜರ್ಮನಿಯ ಶ್ವಾಬೆನ್ ಸೀಮೆಯಲ್ಲಿ ಹೆಖಿಂಗೆನ್ ಊರಿನ ಪಕ್ಕ ಒಂಟಿಯಾಗಿ ಎದ್ದು ನಿಂತ ಬೆಟ್ಟದ ಹೆಸರದು. ನಮ್ಮ ಕಿಟ್ಟೆಲ್ ಅವರು ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ ಅಲ್ಲಿಂದ ದೂರವಿಲ್ಲ. ಈಗ ಬೆಟ್ಟದ ಮೇಲೆ ಕಾಣುವ ಗೋಪುರಗಳ ಕೋಟೆ 1867ರಲ್ಲಿ ಕಟ್ಟಿ ಮುಗಿಸಿದ್ದು. ಅತಿ ಹಳೆಯದನ್ನು 1423ರಲ್ಲಿ ಶ್ವಾಬೆನ್‌ನ ನಗರಗಳು ಒಟ್ಟುಗೂಡಿ ಮುತ್ತಿಗೆ ಹಾಕಿ ಕೆಡವಿದ್ದವು.

'ರಾಜವಂಶ' ಎನ್ನದೆ 'ಮನೆತನ' ಎನ್ನುತ್ತಿರುವುದಕ್ಕೆ ಕಾರಣವಿದೆ. 1701ರವರೆಗೆ ಇವರಲ್ಲಿ ಯಾರೂ ರಾಜರಾಗಿರಲಿಲ್ಲ. ಜರ್ಮನ್ನರು ಬಳಸುವ 'ಹೌಸ್' ಪದಕ್ಕೂ ನಮ್ಮ 'ಮನೆತನ'ಕ್ಕೂ ಹೊಂದಾಣಿಕೆ ಚೆನ್ನಾಗಿದೆ. ಇದರಲ್ಲಿ ಚರ್ಚೆಗೆ ಹೆಚ್ಚೇನೂ ಇಲ್ಲ ಅಂದುಕೊಂಡಿದ್ದೇನೆ.

ಮನೆತನದ ಮೊದಲ ಉಲ್ಲೇಖ 1061ರದ್ದು. ರೈಖೆನೌ ಮಠದ ಬೆರ್ತೋಲ್ಟ್ ಎಂಬ ಸನ್ಯಾಸಿಯ ಲ್ಯಾಟಿನ್ ವರ್ಷಬರಹದಲ್ಲಿ ತ್ಸೊಲೊರಿನ್‌ನ ಬುರ್ಖಾರ್ಟ್ ಮತ್ತು ವೆಟ್ಸಿಲ್ ಹತರಾದರು ಎಂದು ಒಂದೇ ಒಂದು ಸಾಲು ಇದೆ. ಯಾರು ಕೊಂದರು, ಯಾಕೆ, ಎಲ್ಲಿ, ಒಂದನ್ನೂ ಹೇಳಿಲ್ಲ. ಮುಂದೆ ಇಡೀ ಜರ್ಮನಿಯನ್ನು ಆಳಲಿದ್ದ ಮನೆತನ ಚರಿತ್ರೆಯೊಳಕ್ಕೆ ಕಾಲಿಟ್ಟಿದ್ದೇ ಒಂದು ಸಾವಿನ ಸುದ್ದಿಯಾಗಿ. ಈ ಒಂದು ಕ್ರಿಯಾಪದವೂ ನನ್ನನ್ನು ತಡೆದು ನಿಲ್ಲಿಸಿತು. 'ಮಡಿದರು' ಎಂದರೆ ಕಾಳಗದಲ್ಲಿ ಸತ್ತರೆಂದಾಯಿತು, 'ಕೊಲೆಯಾದರು' ಎಂದರೆ ಯಾರೋ ಹೊಂಚು ಹಾಕಿ ಸಾಯಿಸಿದರೆಂದಾಯಿತು. ಲ್ಯಾಟಿನ್ ಎರಡನ್ನೂ ಹೇಳುವುದಿಲ್ಲ. 'ಹತರಾದರು' ಎಂಬುದು ಎರಡಕ್ಕೂ ಜಾಗ ಬಿಡುತ್ತದೆಂದು ಅದನ್ನೇ ಇಟ್ಟುಕೊಂಡೆ.

ಈಗ ಗ್ರಾಫ್. ಬುರ್ಖಾರ್ಟ್ ಮತ್ತು ವೆಟ್ಸಿಲ್ ಹೆಸರಿನ ಮುಂದೆ ಯಾವ ಪದವಿಯೂ ಇಲ್ಲ. ಹನ್ನೆರಡನೆಯ ಶತಮಾನದ ಮೊದಲಿಗೆ ಈ ಮನೆಯ ಫ್ರೆಡ್ರಿಕ್ ಎಂಬವನು ಗ್ರಾಫ್ ಎನಿಸಿಕೊಳ್ಳುತ್ತಾನೆ. ಇಂಗ್ಲಿಷಿನ 'ಕೌಂಟ್' ಇದಕ್ಕೆ ಸಮ. ಗ್ರಾಫ್ ಮೂಲದಲ್ಲಿ ಅರಸನ ಅಧಿಕಾರಿ. ಒಂದು ಸೀಮೆಯಲ್ಲಿ ಅರಸನ ಪರವಾಗಿ ನ್ಯಾಯ ನೋಡುವುದು, ದಂಡು ಸೇರಿಸುವುದು, ಸುಂಕ ಎತ್ತುವುದು ಅವನ ಕೆಲಸ. ಕಾಲ ಹೋದಂತೆ ಆ ಕೆಲಸ ತಂದೆಯಿಂದ ಮಗನಿಗೆ ಇಳಿಯತೊಡಗಿತು, ಅಧಿಕಾರ ಹೋಗಿ ಆಸ್ತಿಯಾಯಿತು. ಕೊನೆಗೆ 1919ರ ವೈಮಾರ್ ಸಂವಿಧಾನ ಕುಲೀನರ ಹಕ್ಕುಗಳನ್ನು ತೆಗೆದುಹಾಕಿ, ಪದವಿಯ ಹೆಸರನ್ನು ಮನೆಹೆಸರಿನ ಭಾಗವಾಗಿ ಮಾತ್ರ ಉಳಿಸಿತು. ಅಧಿಕಾರ, ಆಸ್ತಿ, ಮನೆಹೆಸರು ಎಂಬ ಈ ದಾರಿ ನಮಗೆ ಚೆನ್ನಾಗಿ ಗೊತ್ತು. ಗಾವುಂಡ ಗೌಡನಾದದ್ದು, ಪೆರ್ಗಡೆ ಹೆಗ್ಗಡೆಯಾಗಿ ಹೆಗ್ಡೆಯಾದದ್ದು, ದೇಸಾಯಿ, ನಾಯಕ, ಶಾನಭಾಗ ಎಲ್ಲರೂ ನಡೆದದ್ದು ಅದೇ ದಾರಿ. ಶಾಸನಗಳ 'ನಾಳ್ಗಾವುಂಡ' ಗ್ರಾಫ್‌ಗೆ ಅರ್ಥದಲ್ಲಿ ತೀರಾ ಹತ್ತಿರದವನು. ಆದರೂ ಗ್ರಾಫ್ ಎಂದೇ ಬಿಡುವುದು ಲೇಸು ಅನಿಸುತ್ತದೆ. 'ನಾಡಪ್ರಭು' ಎಂದ ಕೂಡಲೇ ಕೆಂಪೇಗೌಡರು ಕಣ್ಮುಂದೆ ಬರುತ್ತಾರೆ, 'ಗಾವುಂಡ' ಎಂದರೆ ಓದುಗ ಶ್ವಾಬೆನ್ ಬಿಟ್ಟು ಬನವಾಸಿಗೆ ಬಂದುಬಿಡುತ್ತಾನೆ. ಟೆನಿಸ್ ನೋಡಿದವರಿಗೆ ಸ್ಟೆಫಿ ಗ್ರಾಫ್ ಹೆಸರಿನಿಂದ ಪದವಂತೂ ಪರಿಚಿತ. ಮೊದಲ ಸಲ ಬಂದಾಗ 'ಸೀಮೆಯೊಡೆಯನಾದ ಗ್ರಾಫ್' ಎಂದು ಬಿಡಿಸಿ ಹೇಳಿ, ಮುಂದೆ ಗ್ರಾಫ್ ಎಂದಷ್ಟೇ ಬರೆಯಬಹುದು.

ತೊಡಕು ಶುರುವಾಗುವುದು ಬುರ್ಗ್‌ಗ್ರಾಫ್‌ನಿಂದ. 'ಬುರ್ಗ್' ಅಂದರೆ ಕೋಟೆ. ನ್ಯೂರೆಂಬರ್ಗಿನ ಬಂಡೆಯ ಮೇಲೆ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಕೋಟೆಯಿತ್ತು. ಅದನ್ನು ಕಾಯಲು, ಸುತ್ತಲ ಸೀಮೆಯಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ನ್ಯಾಯ ನಡೆಸಲು ನೇಮಕವಾದವನು ಬುರ್ಗ್‌ಗ್ರಾಫ್. ಆಸ್ಟ್ರಿಯದ ಕಡೆಯಿಂದ ಬಂದ ರಾಬ್ಸ್ ಮನೆತನದವರು ಈ ಹುದ್ದೆಯಲ್ಲಿದ್ದರು. ಅವರಲ್ಲಿ ಕೊನೆಯವನಾದ ಎರಡನೆಯ ಕೊನ್ರಾಟ್‌ಗೆ ಗಂಡುಮಕ್ಕಳಿರಲಿಲ್ಲ. ಮಗಳು ಸೋಫಿಯಾಳನ್ನು ಮದುವೆಯಾಗಿದ್ದವನು ತ್ಸೊಲರ್ನ್‌ನ ಗ್ರಾಫ್ ಮೂರನೆಯ ಫ್ರೆಡ್ರಿಕ್. ಮಾವ ತೀರಿಕೊಂಡ ಮೇಲೆ, 1190ರ ದಶಕದ ಆರಂಭದಲ್ಲಿ, ಚಕ್ರವರ್ತಿ ಆರನೆಯ ಹೈನ್ರಿಖ್ ಆ ಹುದ್ದೆಯನ್ನು ಅಳಿಯನಿಗೆ ಕೊಟ್ಟ. ಶ್ವಾಬೆನ್‌ನ ಒಂದು ಬೆಟ್ಟದ ಒಡೆಯರು ಫ್ರಾಂಕೆನ್ ಸೀಮೆಯ ದೊಡ್ಡ ಪೇಟೆಯೊಳಗೆ ಕಾಲೂರಿದ್ದು ಹೀಗೆ. ಇದನ್ನು ವಿವರಿಸುವಾಗ ಯಾರಾದರೂ 'ಅಳಿಯಸಂತಾನ' ಎಂದು ಬರೆದಾರು ಎಂಬ ಅಂಜಿಕೆ ನನಗಿದೆ. ತುಳುನಾಡಿನ ಅಳಿಯಸಂತಾನದಲ್ಲಿ ಹಕ್ಕು ಹೋಗುವುದು ಸೋದರಿಯ ಮಗನಿಗೆ, ಮಗಳ ಗಂಡನಿಗಲ್ಲ. ಸೋಫಿಯಾಳ ಗಂಡನಿಗೆ ಆ ಪದ ಹಚ್ಚಿದರೆ ಎರಡೂ ಸಂಪ್ರದಾಯಗಳಿಗೆ ಅನ್ಯಾಯವಾಗುತ್ತದೆ. ಫ್ರೆಡ್ರಿಕ್ ಸತ್ತ ಮೇಲೆ ಮಕ್ಕಳ ಕಾಲದಲ್ಲಿ ಮನೆತನ ಎರಡು ಕವಲಾಯಿತು. ಒಂದು ಕವಲು ಶ್ವಾಬೆನ್‌ನ ಹಳೆಯ ಬೆಟ್ಟದಲ್ಲಿ ಉಳಿಯಿತು, ಇನ್ನೊಂದು ನ್ಯೂರೆಂಬರ್ಗಿನ ಹುದ್ದೆಯನ್ನು ಹಿಡಿದು ಬೆಳೆಯಿತು. ನನ್ನ ಲೇಖನ ಹಿಂಬಾಲಿಸುವುದು ಈ ಎರಡನೆಯ ಕವಲನ್ನು.

ಬುರ್ಗ್‌ಗ್ರಾಫ್‌ಗೆ ಮೊದಲು ನೆನಪಿಗೆ ಬರುವುದು 'ಕಿಲ್ಲೇದಾರ'. ಹೈದರ್, ಟಿಪ್ಪು ಕಾಲದ ಬರಹಗಳಲ್ಲಿ ಮನೆಮಾತಾಗಿರುವ ಪದ. ಆದರೆ ಕಿಲ್ಲೇದಾರನನ್ನು ಇಂದು ಇಟ್ಟು ನಾಳೆ ತೆಗೆಯಬಹುದು, ಬೇರೆ ಕೋಟೆಗೆ ಕಳಿಸಬಹುದು. ಬುರ್ಗ್‌ಗ್ರಾಫ್ ಕಾಲಕ್ರಮದಲ್ಲಿ ಹಾಗಿರಲಿಲ್ಲ. ಹುದ್ದೆ ವಂಶಕ್ಕೆ ಅಂಟಿಕೊಂಡಿತ್ತು, ತನ್ನದೇ ನ್ಯಾಯಸ್ಥಾನವಿತ್ತು, ಕಾಡಿನ ಮೇಲೂ ಸುಂಕದ ಮೇಲೂ ಹಕ್ಕುಗಳಿದ್ದವು. 'ದುರ್ಗಾಧಿಪತಿ' ಎಂದರೆ ಇನ್ನೊಂದು ತುದಿ, ಕೋಟೆಯೇ ಅವನದೆಂಬ ಅರ್ಥ ಬರುತ್ತದೆ. ನಿಜ ಏನೆಂದರೆ ಆ ಬಂಡೆಯ ಮೇಲೆ ಚಕ್ರವರ್ತಿಯದೊಂದು ಕೋಟೆ, ಅದರ ಪಕ್ಕದಲ್ಲೇ ಬುರ್ಗ್‌ಗ್ರಾಫನದೊಂದು ಕೋಟೆ, ಕೆಳಗೆ ವ್ಯಾಪಾರದಿಂದ ಕೊಬ್ಬುತ್ತಿದ್ದ ನಗರ, ಹೀಗೆ ಮೂರು ಶಕ್ತಿಗಳಿದ್ದವು. ನಗರಸಭೆಗೂ ಬುರ್ಗ್‌ಗ್ರಾಫನಿಗೂ ಎಷ್ಟು ಹಗೆ ಬೆಳೆಯಿತೆಂದರೆ, 1377ರಲ್ಲಿ ನಗರದವರು ಅವನ ಕೋಟೆಯ ಮಗ್ಗುಲಿಗೇ ಎತ್ತರದ ಬುರುಜೊಂದನ್ನು ಕಟ್ಟಿ ಒಳಗೆ ಏನು ನಡೆಯುತ್ತದೆಂದು ಇಣುಕಿ ನೋಡತೊಡಗಿದರು. ಆ ಬುರುಜಿನ ಹೆಸರು 'ಲುಗಿನ್ಸ್‌ಲಾಂಟ್', ಅಕ್ಷರಶಃ 'ನಾಡಿನತ್ತ ಇಣುಕು'. ಹೆಸರೇ ಒಂದು ವಿಧಿರೂಪದ ವಾಕ್ಯ. ಕನ್ನಡದಲ್ಲಿ 'ನಾಡುನೋಡು ಬುರುಜು' ಎಂದರೆ ಹೇಗೆ? ನನಗಂತೂ ಹಿಡಿಸಿದೆ. ಬುರ್ಗ್‌ಗ್ರಾಫನ ಕೋಟೆ 1420ರಲ್ಲಿ ಸುಟ್ಟುಹೋಯಿತು, 1427ರಲ್ಲಿ ಅದರ ಅವಶೇಷವನ್ನು ನಗರಸಭೆಗೇ ಮಾರಿದರು. ಮಾರಿದ ಮೇಲೂ 'ನ್ಯೂರೆಂಬರ್ಗಿನ ಬುರ್ಗ್‌ಗ್ರಾಫ್' ಎಂಬ ಪದವಿಯನ್ನು ಮಾತ್ರ ಬಿಡಲಿಲ್ಲ. ಕೋಟೆಯಿಲ್ಲದೆಯೂ ಉಳಿದ ಕೋಟೆಯೊಡೆತನ ಅದು. ಹಾಗಾಗಿ ನನ್ನ ಒಲವು 'ಕೋಟೆಗ್ರಾಫ್' ಎಂಬ ಬೆರಕೆ ಪದದ ಕಡೆಗಿದೆ. ಅರ್ಧ ಕನ್ನಡ, ಅರ್ಧ ಜರ್ಮನ್ ಎಂದು ಮೂಗು ಮುರಿಯುವವರಿರಬಹುದು. ಆದರೆ 'ರೈಲುಗಾಡಿ', 'ಪೊಲೀಸ್ ಠಾಣೆ' ಎಲ್ಲ ಹೀಗೇ ಬೆರೆತು ನಮ್ಮವಾದವು.

ನಡುವಿನ ನೂರೈವತ್ತು ವರ್ಷಗಳನ್ನು ಬೇಗ ದಾಟುತ್ತೇನೆ. 1248ರಲ್ಲಿ ಆಂಡೆಕ್ಸ್-ಮೆರಾನಿಯ ಮನೆತನ ಗಂಡುಸಂತಾನವಿಲ್ಲದೆ ಅಳಿದಾಗ, ಹೆಂಡತಿಯ ಕಡೆಯಿಂದ ಬೈರಾಯ್ಟ್ ಇವರ ಪಾಲಿಗೆ ಬಂತು. 1273ರಲ್ಲಿ ಹಾಬ್ಸ್‌ಬುರ್ಗಿನ ರುಡೋಲ್ಫ್ ಅರಸನಾಗಿ ಆಯ್ಕೆಯಾದಾಗ, ಬಾಸೆಲ್ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದ ಅವನಿಗೆ ಆ ಸುದ್ದಿ ಮುಟ್ಟಿಸಿದವನು ಬುರ್ಗ್‌ಗ್ರಾಫ್ ಮೂರನೆಯ ಫ್ರೆಡ್ರಿಕ್. ಹೌದು, ಬಾಸೆಲ್ ಮಿಶನ್ನಿನ ಬಾಸೆಲ್ಲೇ. 1322ರಲ್ಲಿ ಮ್ಯೂಲ್‌ಡಾರ್ಫ್ ಕಾಳಗದಲ್ಲಿ ನಾಲ್ಕನೆಯ ಫ್ರೆಡ್ರಿಕ್‌ನ ಕುದುರೆದಂಡು ಕಡೇ ಗಳಿಗೆಯಲ್ಲಿ ನುಗ್ಗಿ ಬವೇರಿಯದ ಲುಡ್ವಿಗ್‌ನನ್ನು ಗೆಲ್ಲಿಸಿತು. 1331ರಲ್ಲಿ ಆನ್ಸ್‌ಬಾಖ್ ಅನ್ನು ದುಡ್ಡು ಕೊಟ್ಟು ಕೊಂಡರು, 1340ರಲ್ಲಿ ಕುಲ್ಮ್‌ಬಾಖ್ ಒಪ್ಪಂದದ ಪ್ರಕಾರ ಬಂತು. ಮದುವೆ, ಸಕಾಲದ ನಿಷ್ಠೆ, ಕೈಯಲ್ಲಿ ನಗದು. ಇವರು ಬೆಳೆದದ್ದು ಹೆಚ್ಚಾಗಿ ಈ ಮೂರರಿಂದ, ಕತ್ತಿಯಿಂದ ಗೆದ್ದು ಸೇರಿಸಿಕೊಂಡ ನೆಲ ಕಡಿಮೆ.

1363ರಲ್ಲಿ ಚಕ್ರವರ್ತಿ ನಾಲ್ಕನೆಯ ಕಾರ್ಲ್ ಐದನೆಯ ಫ್ರೆಡ್ರಿಕ್‌ನನ್ನು ಸಾಮ್ರಾಜ್ಯದ 'ಫ್ಯುರ್ಸ್ಟ್'ಗಳ ಸಾಲಿಗೆ ಸೇರಿಸಿದ. ಇದು ಇಂಗ್ಲಿಷಿನಲ್ಲಿ 'ಪ್ರಿನ್ಸ್' ಆಗುತ್ತದೆ, ಅಲ್ಲಿಂದ ಕನ್ನಡಕ್ಕೆ ಬರುವಾಗ 'ರಾಜಕುಮಾರ' ಆಗಿಬಿಡುತ್ತದೆ. ಇದನ್ನು ಎಲ್ಲಿ ಕಂಡರೂ ತಿದ್ದಬೇಕೆಂದು ಬಳಗದವರಲ್ಲಿ ನನ್ನ ಕಳಕಳಿಯ ವಿನಂತಿ. ಫ್ಯುರ್ಸ್ಟ್ ಯಾವ ರಾಜನ ಮಗನೂ ಆಗಬೇಕಿಲ್ಲ. ಅವನು ತನ್ನ ನೆಲವನ್ನು ತಾನೇ ಆಳುವವನು, ನಡುವೆ ಇನ್ನೊಬ್ಬ ಒಡೆಯನಿಲ್ಲದೆ ನೇರವಾಗಿ ಚಕ್ರವರ್ತಿಗೆ ತಲೆಬಾಗುವವನು. ಇದಕ್ಕೆ 'ದೊರೆ' ಹೇಳಿಮಾಡಿಸಿದ ಪದ. ರಾಜನಿಗಿಂತ ಕೆಳಗೆ, ಬರಿಯ ಜಮೀನ್ದಾರನಿಗಿಂತ ಮೇಲೆ, ಆಳುವ ಹಕ್ಕು ಉಳ್ಳವನು. ಮುಂದಿನ ಪದ ಇದರ ಮೇಲೇ ನಿಲ್ಲುವುದರಿಂದ ಇದನ್ನು ಗಟ್ಟಿ ಮಾಡಿಕೊಳ್ಳಬೇಕು.

ಇನ್ನು ಬ್ರಾಂಡೆನ್‌ಬುರ್ಗ್. ಈಗಿನ ಬರ್ಲಿನ್ ಸುತ್ತಲ ಮರಳು ನೆಲ, ಪೈನ್ ಕಾಡು, ಕೆರೆಗಳ ಸೀಮೆ. 1157ರಿಂದ ಆಸ್ಕಾನಿಯ ಮನೆತನದ ಮಾರ್ಕ್‌ಗ್ರಾಫರು ಅದನ್ನು ಆಳಿದರು. 'ಮಾರ್ಕ್' ಅಂದರೆ ಗಡಿ. ಎಲ್ಬೆ ನದಿಯಾಚೆಗಿನ ಸ್ಲಾವ್ ಜನರ ನಾಡಿಗೆ ತಗುಲಿದ ಗಡಿ ಕಾಯುವ ಗ್ರಾಫ್ ಎಂದು ಆ ಹೆಸರು. 'ಗಡಿನಾಡು' ಎಂದರೆ ನಮಗೆ ಕಾಸರಗೋಡು, ಬೆಳಗಾವಿ ನೆನಪಾಗಿ ಭಾಷೆಯ ಹೋರಾಟದ ಛಾಯೆ ಬರುತ್ತದೆ. 'ಗಡಿಗ್ರಾಫ್' ಎಂದರೆ ಆ ಛಾಯೆಯಿಲ್ಲ, ಕೋಟೆಗ್ರಾಫ್ ಜೊತೆಗೆ ಜೋಡಿಯೂ ಆಗುತ್ತದೆ. ಆಸ್ಕಾನಿಯರು 1320ರಲ್ಲಿ ಅಳಿದರು. ಸೀಮೆ ಬವೇರಿಯದ ಮನೆತನಕ್ಕೆ ಹೋಯಿತು, 1373ರಲ್ಲಿ ನಾಲ್ಕನೆಯ ಕಾರ್ಲ್ ಅದನ್ನು ತನ್ನ ಮನೆಗೆ ಕೊಂಡುಕೊಂಡ. ಅವನ ಮಗ ಸಿಗಿಸ್ಮುಂಟ್‌ಗೆ ಹಂಗೇರಿಯ ಸಿಂಹಾಸನದ ಮೇಲೆ ಕಣ್ಣು, ಕೈಯಲ್ಲಿ ಸದಾ ಹಣದ ಮುಗ್ಗಟ್ಟು. 1388ರಲ್ಲಿ ಅವನು ಬ್ರಾಂಡೆನ್‌ಬುರ್ಗನ್ನು ದಾಯಾದಿ ಯೋಬ್ಸ್ಟ್‌ಗೆ ಕೊಟ್ಟು ಹಣ ಪಡೆದ.

ಈ ವ್ಯವಹಾರಕ್ಕೆ ನಿಘಂಟುಗಳಲ್ಲಿ 'ಅಡವು', 'ಒತ್ತೆ' ಸಿಗುತ್ತವೆ. ಒಡವೆಗೆ ಅವು ಸರಿ. ಒಂದು ಸೀಮೆಯನ್ನೇ ಕೊಟ್ಟು ಹಣ ಪಡೆದರೆ, ಕೊಟ್ಟ ಹಣ ಹಿಂದಿರುಗುವವರೆಗೂ ಆ ಸೀಮೆಯ ಆಳ್ವಿಕೆ, ಕಂದಾಯ, ಸುಂಕ ಎಲ್ಲವೂ ಹಣ ಕೊಟ್ಟವನದು. ಬಡ್ಡಿಯ ಲೆಕ್ಕ ಬೇರೆಯಿಲ್ಲ, ಉಂಡದ್ದೇ ಬಡ್ಡಿ. ಇದಕ್ಕೆ ನಮ್ಮಲ್ಲಿ 'ಭೋಗ್ಯ' ಎಂಬ ಪದ ಇಂದಿಗೂ ಜೀವಂತವಾಗಿದೆ. ಬೆಂಗಳೂರಿನ ಬೀದಿಗಳಲ್ಲಿ 'ಮನೆ ಭೋಗ್ಯಕ್ಕೆ ಇದೆ' ಎಂಬ ಹಲಗೆ ಕಾಣುತ್ತೇವೆ, ಹಳ್ಳಿಗಳಲ್ಲಿ ಗದ್ದೆ ಭೋಗ್ಯಕ್ಕೆ ಹಾಕುತ್ತಾರೆ. 'ಸಿಗಿಸ್ಮುಂಟ್ ಬ್ರಾಂಡೆನ್‌ಬುರ್ಗನ್ನು ಭೋಗ್ಯಕ್ಕೆ ಹಾಕಿದ' ಎಂದು ಬರೆದ ಕ್ಷಣ, ಇಂಗ್ಲಿಷಿನಲ್ಲಿ ಒಂದು ಪುಟ ವಿವರಣೆ ಬೇಡುವ ಸಂಗತಿ ಕನ್ನಡದ ಓದುಗರಿಗೆ ಒಂದೇ ಪದದಲ್ಲಿ ತಿಳಿಯುತ್ತದೆ. ಮುಂದೆ ಆದದ್ದೂ ತಿಳಿಯುತ್ತದೆ. ಭೋಗ್ಯದ ಹೊಲಕ್ಕೆ ಗೊಬ್ಬರ ಹಾಕುವವರು ಕಡಿಮೆ. ಯೋಬ್ಸ್ಟ್ ಆ ಸೀಮೆಯಿಂದ ಹಿಂಡಿದ, ಅದನ್ನು ನೋಡಿಕೊಳ್ಳಲಿಲ್ಲ. ಕ್ವಿಟ್ಸೋ ಅಣ್ಣತಮ್ಮಂದಿರಂಥ ಕೋಟೆವಂತರು ದಾರಿಹೋಕರನ್ನು ಸುಲಿಯುತ್ತಾ, ಊರುಗಳನ್ನು ದೋಚುತ್ತಾ ಮೆರೆದರು. ಅವರನ್ನು 'ಪಾಳೆಯಗಾರರು' ಎನ್ನಲು ಮನಸ್ಸು ಹರಿಯುತ್ತದೆ, ಆದರೆ ಅದನ್ನು ತಡೆದಿದ್ದೇನೆ. ಚಿತ್ರದುರ್ಗದವರ ನೆನಪು ಹೊತ್ತ ಪದವನ್ನು ದಾರಿಸುಲಿಗೆಯವರಿಗೆ ಕೊಡುವುದು ಸಲ್ಲದು.

1411ರ ಜನವರಿಯಲ್ಲಿ ಯೋಬ್ಸ್ಟ್ ಸತ್ತ, ಸೀಮೆ ಸಿಗಿಸ್ಮುಂಟ್ ಕೈಗೆ ಮರಳಿತು. ಅದೇ ವರ್ಷ ಅವನು ಬುರ್ಗ್‌ಗ್ರಾಫ್ ಆರನೆಯ ಫ್ರೆಡ್ರಿಕ್‌ನನ್ನು ಬ್ರಾಂಡೆನ್‌ಬುರ್ಗಿನ 'ಹೌಪ್ಟ್‌ಮಾನ್' ಮತ್ತು 'ಫೆರ್‌ವೇಸರ್' ಆಗಿ ನೇಮಿಸಿದ. ಮೊದಲನೆಯದು ದಂಡನಾಯಕ, ಸಂದೇಹವಿಲ್ಲ. ಎರಡನೆಯದು ಒಡೆಯನ ಪರವಾಗಿ ಆಡಳಿತ ನಡೆಸುವವನು. ಇದಕ್ಕೆ 'ಪಾರುಪತ್ಯಗಾರ' ನನಗೆ ತುಂಬ ಇಷ್ಟವಾದ ಪದ. ಒಡೆತನ ತನ್ನದಲ್ಲ, ಕಾರುಬಾರೆಲ್ಲ ತನ್ನದು. ದೇವಸ್ಥಾನಗಳ ಪಾರುಪತ್ಯಗಾರರ ನೆನಪಿರುವವರಿಗೆ ಇದು ತಟ್ಟನೆ ಹಿಡಿಸುತ್ತದೆ. ಬ್ರಾಂಡೆನ್‌ಬುರ್ಗಿನ ಕೋಟೆವಂತರಿಗೆ ಮಾತ್ರ ಇವನು ಹಿಡಿಸಲಿಲ್ಲ. 'ನ್ಯೂರೆಂಬರ್ಗಿನ ಟಾಂಟ್' ಎಂದು ಹೀಯಾಳಿಸಿದರು. ನ್ಯೂರೆಂಬರ್ಗಿನಲ್ಲಿ ತಯಾರಾಗುತ್ತಿದ್ದ ಆಟಿಕೆ, ಥಳಕಿನ ಸಣ್ಣಪುಟ್ಟ ಸಾಮಾನಿಗೆ ಆ ಹೆಸರು. 'ನ್ಯೂರೆಂಬರ್ಗಿನ ಗೊಂಬೆ' ಎಂದರೆ ಬೈಗುಳದ ಖಾರ ಉಳಿಯುತ್ತದೆಯೇ? 'ಬೆದರುಗೊಂಬೆ' ಎಂದರೆ ಅರ್ಥ ಬೇರೆಯಾಗುತ್ತದೆ. 1414ರ ಮೊದಲ ತಿಂಗಳುಗಳಲ್ಲಿ ಆ ಗೊಂಬೆ ಫ್ರೀಸಾಕ್, ಪ್ಲಾವೆ ಕೋಟೆಗಳ ಮುಂದೆ ಒಂದು ಭಾರಿ ಫಿರಂಗಿಯನ್ನು ತಂದು ನಿಲ್ಲಿಸಿ ಗೋಡೆಗಳನ್ನು ಒಡೆಯಿತು. ಎಳೆದೊಯ್ಯುವುದೇ ಕಷ್ಟವಾಗಿದ್ದ ಆ ಫಿರಂಗಿ 'ಫೌಲೆ ಗ್ರೇಟೆ' ಎಂದು ಹೆಸರಾಗಿದೆ, ಅಂದರೆ ಸೋಮಾರಿ ಗ್ರೇಟೆ.

1415ರ ಏಪ್ರಿಲ್ 30ರಂದು ಕಾನ್‌ಸ್ಟಾನ್ಸ್ ನಗರದಲ್ಲಿ, ಅಲ್ಲಿ ಕೂಡಿದ್ದ ಮಹಾ ಧರ್ಮಸಭೆಯ ಕಾಲದಲ್ಲಿ, ಸಿಗಿಸ್ಮುಂಟ್ ಅವನಿಗೆ ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್ ಮತ್ತು ಕೂರ್‌ಫ್ಯುರ್ಸ್ಟ್ ಪದವಿ ಕೊಟ್ಟ. ನಾಲ್ಕು ಲಕ್ಷ ಗುಲ್ಡನ್ ಚಿನ್ನದ ನಾಣ್ಯ ಕೊಟ್ಟು ಬಿಡಿಸಿಕೊಳ್ಳುವ ಹಕ್ಕನ್ನು ತನ್ನ ಮನೆಗೆ ಉಳಿಸಿಕೊಂಡ. ಎರಡು ವರ್ಷದ ಮೇಲೆ, 1417ರ ಏಪ್ರಿಲ್ 18ರಂದು, ಅದೇ ನಗರದ ಮೇಲಿನ ಮಾರುಕಟ್ಟೆಯ ಬಯಲಲ್ಲಿ ಎಲ್ಲರ ಮುಂದೆ ವಿಧಿವತ್ತಾಗಿ ಪಟ್ಟ ಕಟ್ಟಿದ. ಆ ಹಣ ಯಾರೂ ಕೊಡಲಿಲ್ಲ, ಸೀಮೆ ಬಿಡಿಸಿಕೊಳ್ಳಲಿಲ್ಲ. ಹೋಹೆನ್‌ತ್ಸೊಲರ್ನ್‌ಗಳು ಅಲ್ಲಿ 1918ರವರೆಗೆ ಉಳಿದರು.

ಇಲ್ಲಿಗೆ ನನ್ನ ಮುಖ್ಯ ಪ್ರಶ್ನೆ ಬಂತು: ಕೂರ್‌ಫ್ಯುರ್ಸ್ಟ್. 'ಕೂರ್' ಅಂದರೆ ಆರಿಸುವುದು. ಜರ್ಮನಿಯ ಅರಸನನ್ನು ಆರಿಸುವ ಹಕ್ಕು ಏಳು ಮಂದಿಗೆ ಮಾತ್ರ ಎಂದು 1356ರ ಸುವರ್ಣ ಶಾಸನ ಗೊತ್ತುಮಾಡಿತು. ಮೈನ್ಸ್, ಟ್ರಿಯರ್, ಕ್ಯೋಲ್ನ್ ನಗರಗಳ ಆರ್ಚ್‌ಬಿಷಪ್ಪರು, ಬೊಹೆಮಿಯದ ರಾಜ, ರೈನ್ ಸೀಮೆಯ ಪಾಲಟೈನ್ ಗ್ರಾಫ್, ಸ್ಯಾಕ್ಸನಿಯ ಡ್ಯೂಕ್, ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್. 1410ರಲ್ಲಿ ಫ್ರಾಂಕ್‌ಫುರ್ಟಿನಲ್ಲಿ ಸಿಗಿಸ್ಮುಂಟ್ ಅರಸನಾಗಿ ಆಯ್ಕೆಯಾಗುವಾಗ ಅವನ ಪರವಾಗಿ ನಿಂತು ಬ್ರಾಂಡೆನ್‌ಬುರ್ಗಿನ ಮತ ಹಾಕಿದವನು ಇದೇ ಫ್ರೆಡ್ರಿಕ್. ಐದೇ ವರ್ಷದಲ್ಲಿ ಆ ಮತ ಅವನ ಸ್ವಂತದ್ದಾಯಿತು.

'ಮತದಾರ ಪ್ರಭು' ಎಂಬುದು ಅಕ್ಷರಶಃ ಇದೇ. ಆದರೆ ಪ್ರತಿ ಚುನಾವಣೆಯಲ್ಲೂ ನಮ್ಮ ಪತ್ರಿಕೆಗಳು ಸಾಮಾನ್ಯ ಮತದಾರನನ್ನು ಹಾಗೆ ಕರೆದೂ ಕರೆದೂ ಆ ಪದ ಕೈತಪ್ಪಿದೆ. 'ಚುನಾವಣಾಧಿಕಾರಿ' ಬೇರೆಯೇ ಹುದ್ದೆ. 'ಆಯ್ಕೆದೊರೆ' ಚಿಕ್ಕದಾಗಿ ಚೊಕ್ಕಟವಾಗಿದೆ, ಆದರೆ ದಿಕ್ಕು ತಪ್ಪಿಸುತ್ತದೆ, ಆಯ್ಕೆಯಾದ ದೊರೆ ಎಂದು ಓದಿಕೊಳ್ಳುವವರೇ ಹೆಚ್ಚು. ಇಲ್ಲಿ ಬೇಕಾದದ್ದು 'ಆಯ್ದ' ಅಲ್ಲ, 'ಆಯುವ'. ಸಂಸ್ಕೃತದ ದಾರಿ ಹಿಡಿದರೆ 'ವರಣಪ್ರಭು' ಆಗುತ್ತದೆ. ಸ್ವಯಂವರದ 'ವರ', ಯಜ್ಞದಲ್ಲಿ ಋತ್ವಿಜರ 'ವರಣ' ಗೊತ್ತಿರುವವರಿಗೆ ಸೊಗಸು, ಉಳಿದವರಿಗೆ ಕಷ್ಟ. ನನ್ನ ಒಲವು 'ಆಯ್ಕೆಗಾರ ದೊರೆ'. ಕ್ರಿಕೆಟ್ ಸುದ್ದಿಯಲ್ಲಿ 'ಆಯ್ಕೆಗಾರರು' ಎಂದು ಓದಿ ಎಲ್ಲರಿಗೂ ಅಭ್ಯಾಸವಾಗಿದೆ, '-ಗಾರ' ಇರುವುದರಿಂದ ಯಾರು ಯಾರನ್ನು ಆರಿಸುತ್ತಾರೆಂಬ ಗೊಂದಲವಿಲ್ಲ. ಆಟದ ಮೈದಾನದ ವಾಸನೆ ಬರುತ್ತದೆಂದು ಅನಿಸಿದವರು ದಯವಿಟ್ಟು ಇದಕ್ಕಿಂತ ಒಳ್ಳೆಯದನ್ನು ಸೂಚಿಸಿ.

ಅದೇ ಸುವರ್ಣ ಶಾಸನದಲ್ಲಿ ನನ್ನ ಕಣ್ಣು ನೆಟ್ಟ ಒಂದು ವಿವರವಿದೆ. ಚಕ್ರವರ್ತಿ ಸಭೆ ಕೂಡಿಸಿ ಊಟಕ್ಕೆ ಕೂರುವಾಗ ಏಳು ಮಂದಿಗೂ ಒಂದೊಂದು ಸೇವೆ. ಬ್ರಾಂಡೆನ್‌ಬುರ್ಗಿನ ಮಾರ್ಕ್‌ಗ್ರಾಫ್ ಕುದುರೆಯ ಮೇಲೆ ಬಂದು, ಹನ್ನೆರಡು ಮಾರ್ಕ್ ತೂಕದ ಬೆಳ್ಳಿಯ ಬೋಗುಣಿಗಳಲ್ಲಿ ನೀರು, ಜೊತೆಗೊಂದು ಚೆಂದದ ವಸ್ತ್ರ ಹಿಡಿದು, ಇಳಿದು ಚಕ್ರವರ್ತಿಯ ಕೈಗೆ ನೀರು ಕೊಡಬೇಕು. (ಇಲ್ಲಿನ ಮಾರ್ಕ್ ಬೆಳ್ಳಿಯ ತೂಕದ ಅಳತೆ, ಗಡಿಯಲ್ಲ.) 'ಕೈಗೆ ನೀರು ಕೊಡು' ಎಂಬ ಮಾತು ನಮ್ಮ ಮನೆಗಳ ಮಾತು, ಅದನ್ನು ಹಾಗೇ ಬಳಸಿದ್ದೇನೆ. ಈ ಸೇವೆಯಿಂದ ಅವನಿಗೆ 'ಎರ್ಟ್ಸ್‌ಕೆಮ್ಮರರ್' ಎಂಬ ಹುದ್ದೆ. ಒಳಮನೆ, ಬೊಕ್ಕಸ ನೋಡಿಕೊಳ್ಳುವವರಲ್ಲಿ ಹಿರಿಯ. ಹೊಯ್ಸಳರ ಶಾಸನಗಳಲ್ಲಿ ಬರುವ 'ಹಿರಿಯ ಭಂಡಾರಿ' ಇಲ್ಲಿ ಕೂರುತ್ತದೆಯೇ? ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳನ ಹುದ್ದೆ ಅದು. 'ಮನೆವೆರ್ಗಡೆ' ಇನ್ನೂ ಹತ್ತಿರವೋ ಏನೋ. ಶಾಸನ ಓದಿದವರು ಹೇಳಬೇಕು.

ಈಗ ಸಂಖ್ಯೆಗಳ ವಿಷಯ. ಮೇಲೆ ನೀವು ಗಮನಿಸಿರಬಹುದು, ಗ್ರಾಫ್ ಮೂರನೆಯ ಫ್ರೆಡ್ರಿಕ್ ಬುರ್ಗ್‌ಗ್ರಾಫ್ ಆದಾಗ ಮೊದಲನೆಯ ಫ್ರೆಡ್ರಿಕ್ ಆಗುತ್ತಾನೆ. ಬುರ್ಗ್‌ಗ್ರಾಫ್ ಆರನೆಯ ಫ್ರೆಡ್ರಿಕ್ ಕೂರ್‌ಫ್ಯುರ್ಸ್ಟ್ ಆದಾಗ ಮತ್ತೆ ಮೊದಲನೆಯವನು. 1701ರಲ್ಲಿ ಕೂರ್‌ಫ್ಯುರ್ಸ್ಟ್ ಮೂರನೆಯ ಫ್ರೆಡ್ರಿಕ್ ರಾಜನಾದಾಗ ಮತ್ತೊಮ್ಮೆ ಮೊದಲನೆಯವನು. ಪದವಿ ಏರಿದಾಗಲೆಲ್ಲ ಎಣಿಕೆ ಒಂದಕ್ಕೆ ಮರಳುತ್ತದೆ. ಹಾಗಾಗಿ ಕನ್ನಡದಲ್ಲಿ ಬರಿಯ 'ಮೂರನೆಯ ಫ್ರೆಡ್ರಿಕ್' ಎಂದು ಬರೆಯಲೇಬಾರದು, ಪದವಿ ಸಂಖ್ಯೆಗೆ ಅಂಟಿಕೊಂಡೇ ಇರಬೇಕು. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಎಂಬ ನಮ್ಮ ಸೊಗಸಾದ ಎಣಿಕೆ ಇಲ್ಲಿ ಬಳಸಬಹುದೇ ಎಂದು ಯೋಚಿಸಿದೆ. 'ಇಮ್ಮಡಿ ಫ್ರೆಡ್ರಿಕ್' ಕಿವಿಗೆ ಹಿತ. ಆದರೆ ಮೊದಲನೆಯವನಿಗೆ ಈ ಸಾಲಿನಲ್ಲಿ ರೂಪವೇ ಇಲ್ಲ, ಆರನೆಯವನಿಗೆ ಹೇಳಲು ಹೋದರೆ ನಾಲಿಗೆ ತೊಡರುತ್ತದೆ. ಈ ಮನೆತನದಲ್ಲಿ ಒಂದನೆಯವನು, ಆರನೆಯವನು ಇಬ್ಬರೂ ಒಬ್ಬನೇ ಆಗಿರುವಾಗ ಆ ಎಣಿಕೆ ಸಾಗದು.

ಅಡ್ಡಹೆಸರುಗಳಿಗೂ ಇಷ್ಟೇ ಎಚ್ಚರ ಬೇಕು. 1415ರಲ್ಲಿ ಪದವಿ ಪಡೆದ ಫ್ರೆಡ್ರಿಕ್‌ನ ಮಗ, ಅದೇ ಹೆಸರಿನ ಎರಡನೆಯ ಕೂರ್‌ಫ್ಯುರ್ಸ್ಟ್, 1440ರಿಂದ 1470ರವರೆಗೆ ಆಳಿದವನು, 'ಐಸನ್‌ಟ್ಸಾನ್', ಅಂದರೆ ಕಬ್ಬಿಣದ ಹಲ್ಲಿನವನು. ಕಡಿದದ್ದನ್ನು ಬಿಡದವನೆಂಬ ಭಾವ. ಬರ್ಲಿನ್ ಮತ್ತು ಕ್ಯೋಲ್ನ್ (ಆರ್ಚ್‌ಬಿಷಪ್ಪರ ಕ್ಯೋಲ್ನ್ ಅಲ್ಲ) ಎಂಬ ಜೋಡಿ ಊರುಗಳ ಸ್ವಾಯತ್ತತೆಯನ್ನು ಅವನು ಮುರಿದ. 1443ರಲ್ಲಿ ಸ್ಪ್ರೇ ನದಿಯ ದಂಡೆಯಲ್ಲಿ ತನ್ನ ಕೋಟೆಗೆ ಅಡಿಗಲ್ಲು ಹಾಕಿದ. ಊರಿನವರು 1448ರಲ್ಲಿ ತೂಬು ತೆರೆದು ಕಟ್ಟಡದ ಜಾಗಕ್ಕೆ ನೀರು ನುಗ್ಗಿಸಿದರು. ಈ ದಂಗೆಗೆ ಜರ್ಮನರಿಟ್ಟ ಹೆಸರು 'ಬರ್ಲಿನರ್ ಉನ್‌ವಿಲ್ಲೆ'. ದಂಗೆ, ಬಂಡಾಯ ಎರಡಕ್ಕೂ ಜರ್ಮನಿನಲ್ಲಿ ಬೇರೆ ಪದಗಳಿವೆ. ಉನ್‌ವಿಲ್ಲೆ ಎಂದರೆ ಮನಸ್ಸಿಲ್ಲದಿರುವಿಕೆ, ಅಸಮಾಧಾನ. 'ಬರ್ಲಿನ್ನಿನ ಮುನಿಸು' ಎಂದು ಬರೆದಿದ್ದೇನೆ. ಇವನ ತಮ್ಮ ಆಲ್‌ಬ್ರೆಖ್ಟ್‌ನನ್ನು, ಮುಂದೆ ಪೋಪ್ ಆದ ಎನೆಯಾ ಸಿಲ್ವಿಯೋ ಪಿಕ್ಕೊಲೊಮಿನಿ ಗ್ರೀಕ್ ಮಹಾಕಾವ್ಯದ ವೀರನ ಹೆಸರಿನಿಂದ ಜರ್ಮನಿಯ ಅಕಿಲೀಸ್ ಎಂದು ಹೊಗಳಿದ, ಹೆಸರು ಹಾಗೇ ನಿಂತಿತು. ಇವಕ್ಕೆ 'ಬಿರುದು' ಎಂದು ಬರೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ವೀರಬಲ್ಲಾಳನ 'ಗಿರಿದುರ್ಗಮಲ್ಲ', 'ಶನಿವಾರಸಿದ್ಧಿ' ಅವನೇ ಧರಿಸಿ ಶಾಸನದಲ್ಲಿ ಕೊರೆಸಿದ್ದು, ಅವು ಬಿರುದು. ಐಸನ್‌ಟ್ಸಾನ್ ಜನರಿಟ್ಟದ್ದು, ಅದು ಅಡ್ಡಹೆಸರು. ಅಕಿಲೀಸ್ ಎರಡರ ನಡುವಿನದು.

ಈ ಆಲ್‌ಬ್ರೆಖ್ಟ್ 1473ರಲ್ಲಿ ಮಾಡಿದ ಕಟ್ಟಳೆಯ ಪ್ರಕಾರ ಬ್ರಾಂಡೆನ್‌ಬುರ್ಗ್ ಪಾಲಾಗದೆ ಹಿರಿಯ ಮಗನಿಗೇ ಹೋಗಬೇಕು, ಫ್ರಾಂಕೆನ್ ಸೀಮೆಯ ನೆಲವನ್ನು ಕಿರಿಯರು ಹಂಚಿಕೊಳ್ಳಬಹುದು. 'ಜ್ಯೇಷ್ಠಾಧಿಕಾರ' ಎಂಬ ಸಂಸ್ಕೃತ ಪದಕ್ಕಿಂತ 'ಹಿರೇಮಗನ ಹಕ್ಕು' ಸಾಕು.

ಕೊನೆಗೊಂದು ವಿಭಕ್ತಿಯ ಪ್ರಶ್ನೆ. ಲೇಖನದ ಕಾಲ ದಾಟಿದ್ದಾದರೂ ಒಂದು ಸಾಲಿನಲ್ಲಿ ಹೇಳಲೇಬೇಕಾಗಿದೆ. 1701ರ ಜನವರಿ 18ರಂದು ಕ್ಯೋನಿಗ್ಸ್‌ಬೆರ್ಗಿನಲ್ಲಿ ಕಿರೀಟ ಧರಿಸಿದ ಫ್ರೆಡ್ರಿಕ್ ತನ್ನನ್ನು ಪ್ರಶ್ಯ'ದ' ರಾಜ ಎಂದು ಕರೆದುಕೊಳ್ಳಲಿಲ್ಲ, ಪ್ರಶ್ಯ'ದಲ್ಲಿ' ರಾಜ ಎಂದ. ಬ್ರಾಂಡೆನ್‌ಬುರ್ಗ್ ಸಾಮ್ರಾಜ್ಯದೊಳಗಿತ್ತು, ಅಲ್ಲಿ ಅವನು ರಾಜನಾಗುವಂತಿರಲಿಲ್ಲ. ಸಾಮ್ರಾಜ್ಯದ ಹೊರಗಿದ್ದ ಪ್ರಶ್ಯದಲ್ಲಿ ಆಗಬಹುದಿತ್ತು. ಆದರೆ ಪ್ರಶ್ಯದ ಪಶ್ಚಿಮ ಭಾಗ ಪೋಲೆಂಡಿನ ರಾಜನಿಗೆ ಸೇರಿತ್ತು. 1772ರಲ್ಲಿ ಆ ಭಾಗವೂ ಕೈಸೇರಿದ ಮೇಲೆಯೇ ಅವನ ಮೊಮ್ಮಗ 'ಪ್ರಶ್ಯದ ರಾಜ' ಎನಿಸಿಕೊಂಡದ್ದು. ಷಷ್ಠಿ, ಸಪ್ತಮಿ ಎರಡನ್ನೂ ಪ್ರತ್ಯಯದಲ್ಲೇ ತೋರಿಸುವ ಕನ್ನಡಕ್ಕೆ ಇದು ಸುಲಭವಾಗಬೇಕಿತ್ತು. ಆದರೆ 'ಪ್ರಶ್ಯದಲ್ಲಿ ರಾಜ' ಎಂದರೆ ಕ್ರಿಯಾಪದಕ್ಕೆ ಕಾಯುವ ಅರೆವಾಕ್ಯದಂತಿದೆ, 'ಪ್ರಶ್ಯದಲ್ಲಿನ ರಾಜ' ಎಂದರೆ ಅಲ್ಲಿ ವಾಸವಿದ್ದ ರಾಜನಂತಿದೆ. 'ಪ್ರಶ್ಯದೊಳಗಣ ರಾಜ' ಎಂಬ ಹಳೆಯ ರೂಪ ನನಗೆ ಹೆಚ್ಚು ಒಪ್ಪಿದೆ. ನಿಮಗೆ?

ಲೇಖನ ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕು. ಗ್ರಾಫ್, ದೊರೆ, ಭೋಗ್ಯ, ಪಾರುಪತ್ಯಗಾರ ಇವನ್ನು ನಾನು ಬದಲಿಸುವುದಿಲ್ಲ, ಅಷ್ಟು ನಂಬಿಕೆ ಬಂದಿದೆ. ನಿಮ್ಮ ಮಾತು ಬೇಕಾಗಿರುವುದು ಕೋಟೆಗ್ರಾಫ್, ಆಯ್ಕೆಗಾರ ದೊರೆ ಮತ್ತು ಹಿರಿಯ ಭಂಡಾರಿಯ ಬಗ್ಗೆ. ಮುಖ್ಯವಾಗಿ ಒಂದು ಕೇಳಬೇಕು: ಅರಸನ ಕೋಟೆಯನ್ನು ವಂಶಪಾರಂಪರ್ಯವಾಗಿ ಕಾಯುತ್ತಾ ಸುತ್ತಲ ಸೀಮೆಯ ನ್ಯಾಯವನ್ನೂ ನಡೆಸುತ್ತಿದ್ದ ಅಧಿಕಾರಿಗೆ ಕಲ್ಯಾಣದ ಚಾಲುಕ್ಯರ ಅಥವಾ ಸೇವುಣರ ಶಾಸನಗಳಲ್ಲಿ ಬೇರೆ ಹೆಸರೇನಾದರೂ ಬಂದಿದೆಯೇ? ಬಂದಿದ್ದರೆ ಶಾಸನದ ಊರು ಮತ್ತು ವರ್ಷ ತಿಳಿಸಿದರೆ ಉಪಕಾರವಾಗುತ್ತದೆ.

ವಂದನೆಗಳು.